‘ಬದುಕಿನ ಅರ್ಥ’ ಎಂಬ ಪಾಠವೂ ಚಾಮುಂಡಿ ಬೆಟ್ಟದ ಮೆಟ್ಟಿಲೂ

‘ಬದುಕಿಗೆ ಅರ್ಥವಿದೆಯಾ?’ ಅನ್ನುವುದು ನಮ್ಮ ತತ್ವಶಾಸ್ತ್ರದ ಪಾಠದ ಪ್ರಶ್ನೆ. ಮೊದಲು ‘ಅರ್ಥ’ ಅನ್ನುವ ಪದವನ್ನೇ ಬಿಡಿಸಿಕೊಳ್ಳೋಣ. ಮಾತಿನ ಅರ್ಥ ಒಂದು. ಧರ್ಮ, ಅರ್ಥ, ಕಾಮ, ಮೋಕ್ಷ ಅಂದಾಗ ಅದು ಹಣ, ಆಸ್ತಿ. ಈ ನಾಲ್ಕನ್ನೂ ಸೇರಿಸಿ ಪುರುಷಾರ್ಥ ಅನ್ನುತ್ತೇವಲ್ಲ, ಅಲ್ಲಿ ಅದೇ ಪದಕ್ಕೆ ‘ಮನುಷ್ಯ ಬಯಸಿ ಪಡೆಯಬೇಕಾದ್ದು’ ಅಂತ ಅರ್ಥ. ನಮ್ಮ ಪಾಠದ ಪ್ರಶ್ನೆ ಈ ಮೂರನೆಯದಕ್ಕೆ ಹತ್ತಿರ.

ಇಲ್ಲಿ ನಮ್ಮ ಮೈಸೂರಿನವರನ್ನೇ ಹಿಡಿದು ಹೊರಡಬಹುದು. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣ ಪುರುಷಾರ್ಥಗಳನ್ನು ಮೌಲ್ಯಗಳೆಂದು ನೋಡಿದರು. ಹಣ ಬೇಕಾಗುವುದು ಇನ್ನೊಂದಕ್ಕಾಗಿ, ಅದು ಸಾಧನ. ಸುಖ ಹಾಗಲ್ಲ, ಅದು ಯಾಕೆ ಬೇಕು ಅಂತ ಯಾರೂ ಕೇಳಲ್ಲ. ಅರಿಸ್ಟಾಟಲ್ ಹೇಳುವುದೂ ಇದಕ್ಕೆ ಹತ್ತಿರದ ಮಾತು. ‘ಯಾಕೆ, ಯಾಕೆ’ ಅಂತ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಅವನು ನಿಲ್ಲುವುದು ಬರೀ ಸುಖದಲ್ಲಲ್ಲ, ಒಳ್ಳೆಯ ಗುಣಗಳಿಂದ ಚೆನ್ನಾಗಿ ಬಾಳುವುದರಲ್ಲಿ.

ತುಂಬ ಜನ ಎಡವುವ ಜಾಗ ಮುಂದಿದೆ. ‘ಮನುಷ್ಯರು ಯಾಕಾದರೂ ಇದ್ದೇವೆ?’ ಅನ್ನುವುದು ಒಂದು ಪ್ರಶ್ನೆ. ‘ನಾನು ಬಾಳುತ್ತಿರುವ ಈ ಬದುಕಿಗೆ ಅರ್ಥವಿದೆಯಾ?’ ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೂ ಎರಡನೆಯದಕ್ಕೆ ಸಿಗಬಹುದು. ಉತ್ತರ ಬರೆಯುವಾಗ ಇವೆರಡನ್ನೂ ಕಲಸಬೇಡಿ.

ಸಿಸಿಫಸ್‌ನ ಗ್ರೀಕ್ ಕಥೆ ಗೊತ್ತಲ್ವಾ? ದೇವತೆಗಳು ಕೊಟ್ಟ ಶಿಕ್ಷೆಗೆ ಅವನು ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸುತ್ತಾನೆ, ಅದು ಕೆಳಗೆ ಬೀಳುತ್ತದೆ, ಮತ್ತೆ ಉರುಳಿಸುತ್ತಾನೆ. ಅವನು ಸುಖಿ ಅಂತಲೇ ನಾವು ಭಾವಿಸಬೇಕು ಅಂತ ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮು 1942ರಲ್ಲಿ ಬರೆದ. ಅದು ಎಲ್ಲರೂ ಬರೆಯುವ ಮಾತು. ನನಗೆ ಜಾಸ್ತಿ ಹಿಡಿಸಿದ್ದು 1970ರಲ್ಲಿ ಅಮೆರಿಕದ ತತ್ವಜ್ಞಾನಿ ರಿಚರ್ಡ್ ಟೇಲರ್ ಇದೇ ಕಥೆಯನ್ನು ತಿರುಗಿಸಿದ ರೀತಿ. ದೇವತೆಗಳು ಕರುಣೆಯಿಂದ ಸಿಸಿಫಸ್‌ನೊಳಗೆ ಕಲ್ಲು ಉರುಳಿಸುವ ಆಸೆಯನ್ನೇ ತುಂಬಿಬಿಟ್ಟರೆ? ಕೆಲಸ ಅದೇ, ಕಲ್ಲು ಬೀಳುವುದೂ ಅದೇ. ಆದರೆ ಈಗ ಅವನಿಗೆ ಬೇಕಾದ್ದೇ ಅದು. ಅರ್ಥ ಹುಟ್ಟುವುದು ಹೀಗೆ ಒಳಗಿನ ಬಯಕೆಯಿಂದ ಅನ್ನುತ್ತಾನೆ ಟೇಲರ್.

ಇದನ್ನು ಓದಿದ ವಾರವೇ ಚಾಮುಂಡಿ ಬೆಟ್ಟ ಹತ್ತಿದೆ. ನನ್ನ ಮುಂದೆ ಅಮ್ಮನ ವಯಸ್ಸಿನ ಒಬ್ಬರು ಸ್ಟೀಲ್ ಡಬ್ಬಿ ಹಿಡಿದು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಬಳಿದು, ಮೇಲೆ ಉಂಗುರ ಬೆರಳಿನಿಂದ ಕುಂಕುಮ ಇಡುತ್ತಿದ್ದರು. ಸಾವಿರ ಮೆಟ್ಟಿಲು! ಹಿಂದೆ ಬಂದವರ ಕಾಲಿಗೆ ಅದು ಆಗಲೇ ಅಂಟಿ ಅಳಿಸುತ್ತಿತ್ತು.

“ಸೊಂಟ ನೋಯಲ್ವಾ ಅಮ್ಮ?” ಅಂದೆ.

“ನೋಯ್ತದೆ ಕಣಪ್ಪ. ಮಗಳ ಹೆರಿಗೆ ಸುಸೂತ್ರವಾಯ್ತಲ್ಲ, ಹರಕೆ.”

ಹೊರಗಿನಿಂದ ನೋಡಿದರೆ ಇದೂ ಬಂಡೆ ಉರುಳಿಸಿದ ಹಾಗೇ. ಆದರೆ ಅಳಿಸಿಹೋಗುವುದು ಕುಂಕುಮ ಮಾತ್ರ. ಟೇಲರ್‌ನ ಉತ್ತರ ಇಲ್ಲಿ ಸಾಲದು ಅಂತ ನನಗೆ ಆಗ ಅನ್ನಿಸಿತು. ಆ ತಾಯಿಗೆ ಮೆಟ್ಟಿಲಿಗೆ ಕುಂಕುಮ ಇಡುವ ಚಪಲವೇನೂ ಇರಲಿಲ್ಲ. ಅವರ ಮನಸ್ಸೆಲ್ಲ ಮಗಳ ಮೇಲಿತ್ತು.

ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ಸೂಸನ್ ವುಲ್ಫ್ ತಮ್ಮ 2010ರ ಪುಸ್ತಕದಲ್ಲಿ ಹಿಡಿಯುವುದು ಇದನ್ನೇ. ಬರೀ ಒಲವಿದ್ದರೆ ಸಾಲದು, ಒಲಿದದ್ದಕ್ಕೆ ಬೆಲೆಯೂ ಇರಬೇಕು. ಬರೀ ಬೆಲೆಯಿದ್ದರೂ ಸಾಲದು, ಮನಸ್ಸಿಲ್ಲದೆ ಮಾಡಿದ ಒಳ್ಳೆಯ ಕೆಲಸ ಬದುಕನ್ನು ತುಂಬುವುದಿಲ್ಲ. ಎರಡೂ ಕೂಡಬೇಕು. ಟೇಲರ್‌ನ ಸಿಸಿಫಸ್‌ಗೆ ಒಲವಿದೆ, ಆ ಕಲ್ಲಿನಿಂದ ಯಾರಿಗೂ ಏನೂ ಇಲ್ಲ.

ಬೆಲೆ ಇದೆ ಅಂತ ತೀರ್ಮಾನಿಸುವವರು ಯಾರು? ವುಲ್ಫ್‌ಗೆ ಹಾಕುವ ದೊಡ್ಡ ಆಕ್ಷೇಪಣೆ ಇದು, ಉತ್ತರದಲ್ಲಿ ಬಿಡಬೇಡಿ. ಅದು ಯಾರೊಬ್ಬರ ಅಧಿಕಾರವೂ ಅಲ್ಲ, ಒಟ್ಟಿಗೆ ಕೇಳಿಕೊಳ್ಳುತ್ತಾ ತಿದ್ದಿಕೊಳ್ಳುತ್ತಾ ಹೋಗಬೇಕು ಅನ್ನುವುದು ಅವರ ನಿಲುವು. ನಾನು ವುಲ್ಫ್ ಕಡೆಗೇ. ಆದರೂ ಹರಕೆಯನ್ನೇ ನಂಬದ ಗೆಳೆಯನೊಬ್ಬ ‘ಆ ಸಾವಿರ ಮೆಟ್ಟಿಲಿಗೆ ಏನು ಬೆಲೆ?’ ಅಂದರೆ, ಅವನಿಗೆ ಹೇಳಲು ನನ್ನ ಹತ್ತಿರ ಇರುವುದು ಆ ತಾಯಿ ಮಗಳ ಬಗ್ಗೆ ಆಡಿದ ಮಾತೊಂದೇ.