ಆಪರೇಷನ್ ಅಂದರೆ ಹೆಂಗಸಿಗೇ ಯಾಕೆ?

ಅಕ್ಕ ಹೆರಿಗೆ ವಾರ್ಡಿನಲ್ಲಿ ಎರಡನೇ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಳು. ನರ್ಸ್ ಬಂದು, "ಎರಡಾಯ್ತಲ್ಲಮ್ಮಾ, ಆಪರೇಷನ್ ಮುಗಿಸ್ಕೊಂಡೇ ಹೋಗು" ಅಂದರು. ಅಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದರು. ಭಾವ ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದರು.

ನಮ್ಮಲ್ಲಿ "ಆಪರೇಷನ್ ಆಯ್ತಾ?" ಅಂದರೆ ಹೆಂಗಸಿಗೆ ಆಯ್ತಾ ಅಂತಲೇ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಸುಮಾರು ಶೇ. 38 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡನಿಗೆ ಆಗಿರುವುದು ಶೇ. 0.3 ಮಾತ್ರ. ಕರ್ನಾಟಕದಲ್ಲಂತೂ ಹೆಂಗಸರ ಪ್ರಮಾಣ ಶೇ. 57.

ದೇಹದ ರಚನೆ ನೋಡಿದರೆ ಇದು ಉಲ್ಟಾ ಇರಬೇಕಿತ್ತು. ಗಂಡಸಿನ ವೀರ್ಯನಾಳ, ಅಂದರೆ ವೀರ್ಯಾಣು ಸಾಗುವ ಕೊಳವೆ, ವೃಷಣಚೀಲದ ಚರ್ಮದ ಕೆಳಗೇ ಇದೆ. ಬೆರಳಿಗೆ ಗಟ್ಟಿ ದಾರದ ಹಾಗೆ ಸಿಗುತ್ತದೆ. 1974ರಲ್ಲಿ ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ ರೂಪಿಸಿದ ವಿಧಾನದಲ್ಲಿ ಬ್ಲೇಡೇ ಬೇಡ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಚೂಪು ತುದಿಯ ಇಕ್ಕಳದಿಂದ ಪುಟ್ಟ ತೂತು ಮಾಡಿ, ನಾಳವನ್ನು ಹೊರಗೆಳೆದು ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆ ಇಲ್ಲ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ನಡೆದುಕೊಂಡೇ ಮನೆಗೆ ಹೋಗಬಹುದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ಖಚಿತವಾಗುವ ತನಕ ಮಾತ್ರ ಬೇರೆ ಗರ್ಭನಿರೋಧಕ ಬೇಕು. "ಶಕ್ತಿ ಹೋಗುತ್ತೆ" ಅನ್ನುವುದು ಬರೀ ಭಯ. ಗಂಡಸುತನದ ಹಾರ್ಮೋನ್ ರಕ್ತದಲ್ಲಿ ಹರಿಯುತ್ತದೆ, ಈ ನಾಳದಲ್ಲಲ್ಲ.

ಹೆಂಗಸಿನ ಅಂಡನಾಳ ಇರುವುದು ಹೊಟ್ಟೆಯ ಒಳಗೆ. ಅಲ್ಲಿಗೆ ಮುಟ್ಟಲು ಹೊಟ್ಟೆ ಕೊಯ್ಯಬೇಕು, ಇಲ್ಲವೇ ಗ್ಯಾಸ್ ತುಂಬಿ ಲ್ಯಾಪ್ರೊಸ್ಕೋಪ್ ಅನ್ನುವ ಕ್ಯಾಮೆರಾ ಕೊಳವೆ ತೂರಿಸಬೇಕು. ಅಪಾಯ ಜಾಸ್ತಿ, ಚೇತರಿಸಿಕೊಳ್ಳುವ ದಿನಗಳೂ ಜಾಸ್ತಿ.

ಮತ್ಯಾಕೆ ಹೀಗಾಯ್ತು? ತುರ್ತುಪರಿಸ್ಥಿತಿಯ 1976-77ರಲ್ಲಿ ಒಂದೇ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಹೆಚ್ಚಿನವರು ಗಂಡಸರು. ಎಷ್ಟೋ ಜನರದ್ದು ಬಲವಂತದ್ದು. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಆಮೇಲೆ ಗಂಡಸರ ತಂಟೆಗೆ ಹೋಗಲು ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಇಷ್ಟು ಆಪರೇಷನ್ ಆಗಲೇಬೇಕು ಅನ್ನುವ ಟಾರ್ಗೆಟ್ ಮಾತ್ರ ಹಾಗೇ ಉಳಿಯಿತು, ಅದನ್ನು ಹೆಂಗಸರ ಮೇಲೆ ಹೊರಿಸಲಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಬಲವಂತ ತಪ್ಪು ಅಂತ ಕಲಿಯಲಿಲ್ಲ, ಯಾರು ತಿರುಗಿ ಬೀಳುತ್ತಾರೆ ಅನ್ನುವುದನ್ನಷ್ಟೇ ಕಲಿತರು.

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಕ್ಯಾಂಪಿನಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕು ಅಂದಿತು.

ಅಕ್ಕ ಅವತ್ತು ಫಾರಂಗೆ ಸಹಿ ಹಾಕಿದಳು. ಸಹಿ ಇದೆ, ಹಾಗಾಗಿ ಒಪ್ಪಿಗೆಯೂ ಇದೆ, ಅಲ್ವಾ? ಆದರೆ ಕಾಪರ್-ಟಿ, ಗರ್ಭನಿರೋಧಕ ಇಂಜೆಕ್ಷನ್, ಗಂಡನ ಆಪರೇಷನ್, ಯಾವುದರ ಮಾತನ್ನೂ ಅವಳ ಹತ್ತಿರ ಯಾರೂ ಎತ್ತಿರಲಿಲ್ಲ.

ಮೊನ್ನೆ ಭಾವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. "ಅಷ್ಟು ಸಣ್ಣ ಕೆಲಸ ಅಂತ ನಂಗೆ ಗೊತ್ತೇ ಇರಲಿಲ್ಲ" ಅಂದರು. "ಅವತ್ತು ಬಾಗಿಲ ಹೊರಗೇ ಇದ್ದೆ. ಒಬ್ಬರಾದ್ರೂ ಕೇಳಬಹುದಿತ್ತು."