ಶನಿವಾರದ ಉಪ್ಪಿಟ್ಟು ಎಷ್ಟು ಗಂಟೆಗೆ? ಶಾಲೆಯ ಬೆಳಗಿನ ತಿಂಡಿಯ ಹಿಂದುಮುಂದು

ನಮ್ಮ ಕಡೆ ಬೆಳಿಗ್ಗೆ ಯಾರೇ ಎದುರಿಗೆ ಸಿಕ್ಕರೂ ಮೊದಲ ಮಾತು "ನಾಷ್ಟಾ ಆತಾ?" ಬೆಣ್ಣೆದೋಸೆ, ಒಗ್ಗರಣೆ ಮಂಡಕ್ಕಿಗೆ ಹೆಸರಾದ ಜಿಲ್ಲೆ ನಮ್ಮದು, ಕೇಳದೇ ಇರ್ತಾರಾ. ಅದೇ ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಪ್ರಾರ್ಥನೆಗೆ ಸಾಲು ನಿಂತ ಮಕ್ಕಳನ್ನು ಈ ಪ್ರಶ್ನೆ ಕೇಳಿ ನೋಡಿ. "ಚಾ ಕುಡಿದೀನಿ ಸಾರ್." ಇನ್ನೊಬ್ಬ ಚಾ ಜೊತೆ ಬಿಸ್ಕತ್ತು ಅಂತಾನೆ. ಈರುಳ್ಳಿ ಕೀಳೋ ದಿನಗಳಲ್ಲಿ ಅಮ್ಮಂದಿರು ಏಳು ಗಂಟೆಗೇ ಆಟೋ ಹತ್ತಿ ಕೂಲಿಗೆ ಹೋಗಿರ್ತಾರೆ. ಮನೇಲಿ ಇರೋದು ಅಜ್ಜಿ ಮತ್ತು ರಾತ್ರಿಯ ತಂಗಳು.

ಎಸ್‌ಡಿಎಂಸಿ (ಪೋಷಕರೇ ಹೆಚ್ಚಿರೋ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ವಿಷಯ ಬಂದಾಗೆಲ್ಲ ಕಲಸುಮೇಲೋಗರ. ಹಾಲು ಕೊಡ್ತಾರಲ್ಲ ಅಂತ ಒಬ್ಬರು, ಅದು ತಿಂಡಿಯಾ ಅಂತ ಇನ್ನೊಬ್ಬರು, ಹೆಡ್ ಮೇಷ್ಟ್ರು ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಮೂರನೆಯವರು. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

1956ರಲ್ಲಿ ಮುಖ್ಯಮಂತ್ರಿ ಕಾಮರಾಜ್ ಮದ್ರಾಸ್ ರಾಜ್ಯದಲ್ಲಿ ಶಾಲೆಯ ಊಟ ಶುರು ಮಾಡಿದರು, 1995ರಲ್ಲಿ ಕೇಂದ್ರದ ಯೋಜನೆ ಬಂತು, 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಿ ಅಂದಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ದಾವಣಗೆರೆ, ಚಿತ್ರದುರ್ಗಕ್ಕೂ ಬಂತು. ದಾಸೋಹ ಅನ್ನೋದು ಮಠಗಳ ಈ ಸೀಮೆಗೆ ಹೊಸ ಮಾತೇನಲ್ಲ ಬಿಡಿ. ಆದರೆ ಇದೆಲ್ಲ ಮಧ್ಯಾಹ್ನದ ಲೆಕ್ಕ. ಬೆಳಗಿನ ಹೊಟ್ಟೆ ಇದರಲ್ಲಿ ಎಲ್ಲೂ ಇರಲಿಲ್ಲ.

ಬೆಳಗಿನ ಹೊಟ್ಟೆಗೆ ಮೊದಲು ಬಂದದ್ದು ಹಾಲು. 2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಮೊದಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದಾಯ್ತು. ಕೇಳೋಕೆ ಸುಲಭ. 120 ಮಕ್ಕಳ ಶಾಲೆಯ ಅಡುಗೆಮನೆಗೆ ಒಮ್ಮೆ ಹೋಗಿ ನೋಡಿ. 18 ಲೀಟರ್ ಕಾಯಬೇಕು. ಪುಡಿಯನ್ನು ನೇರ ಬಿಸಿನೀರಿಗೆ ಸುರಿದರೆ ಗಂಟು ಗಂಟು, ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಕದಡಬೇಕು. ಅಷ್ಟೊತ್ತು ಒಲೆ ಹಾಲಿನದು, ಅನ್ನದ ನೀರು ಕಾಯುತ್ತಾ ಕೂರಬೇಕು. ಹೀಗಾಗಿ ಪ್ರಾರ್ಥನೆಗೆ ಸಿಗಬೇಕಾದ ಹಾಲು ಎಷ್ಟೋ ಕಡೆ ಹನ್ನೊಂದಕ್ಕೆ ಸಿಗುತ್ತೆ.

2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಅದೇ ಹಾಲಿಗೆ ರಾಗಿ ಮಾಲ್ಟ್ ಸೇರಿತು. ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಕೈಜೋಡಿಸಿದ ಯೋಜನೆ. "ಮಾಲ್ಟ್ ಕುಡಿದ ದಿನ ಹೊಟ್ಟೆ ನಿಲ್ಲುತ್ತೆ" ಅಂತ ನಮ್ಮ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದಳು. ಅಷ್ಟಾದರೂ ಅದು ಕುಡಿಯೋದು, ತಿನ್ನೋದಲ್ಲ.

ತಿಂಡಿ ಅನ್ನೋ ಮಾತು ಕಾಗದದ ಮೇಲಂತೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬೆಳಗಿನ ಉಪಾಹಾರದ ಪ್ರಸ್ತಾಪ ಇದೆ. ಬಿಸಿ ಅಡುಗೆ ಆಗದ ಕಡೆ ಶೇಂಗಾ ಅಥವಾ ಕಡಲೆಗೆ ಬೆಲ್ಲ ಬೆರೆಸಿ ಕೊಡಬಹುದು, ಊರಲ್ಲಿ ಸಿಗೋ ಹಣ್ಣು ಕೊಡಬಹುದು ಅಂತಲೂ ಬರೆದಿದ್ದಾರೆ. ಚಳ್ಳಕೆರೆ ಶೇಂಗಾ ಬೆಳೆಯೋ ನಾಡಿನಲ್ಲಿ ಇದನ್ನು ಓದಿದರೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಯಾಕಂದ್ರೆ 2021ರ ಸೆಪ್ಟೆಂಬರಿನಲ್ಲಿ ಕೇಂದ್ರದ ಬಿಸಿಯೂಟ ಯೋಜನೆ ಪಿಎಂ ಪೋಷಣ್ ಅನ್ನೋ ಹೊಸ ಹೆಸರಲ್ಲಿ ಮಂಜೂರಾದಾಗ ತಿಂಡಿ ಅದರಲ್ಲಿ ಇರಲಿಲ್ಲ. ತಮಿಳುನಾಡು ತನ್ನದೇ ದುಡ್ಡಲ್ಲಿ 2022ರ ಸೆಪ್ಟೆಂಬರ್ 15ಕ್ಕೆ ಮಧುರೆಯಲ್ಲಿ ಶುರು ಮಾಡಿ, ಮರುವರ್ಷ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗೂ ವಿಸ್ತರಿಸಿತು. ಅಲ್ಲಿ ಹಳ್ಳಿಗಳಲ್ಲಿ ತಿಂಡಿ ಮಾಡೋದು ಮಹಿಳಾ ಸ್ವಸಹಾಯ ಸಂಘದವರು. ಮಧ್ಯಾಹ್ನದ ಅಡುಗೆಯವರ ತಲೆಗೇ ಇದನ್ನೂ ಕಟ್ಟಲಿಲ್ಲ, ಇದು ಸಣ್ಣ ವಿಷಯ ಅಲ್ಲ.

ಅಮೆರಿಕದ ಕಥೆ ಇನ್ನೂ ಹಳೆಯದು, ಅಲ್ಲಿ ಶಾಲಾ ತಿಂಡಿ 1966ರಿಂದಲೇ ಇದೆ. ಆದರೆ ತಿನ್ನೋ ಮಕ್ಕಳು ಕಮ್ಮಿ. ಬಸ್ಸು ಬರೋ ಹೊತ್ತಿಗೆ ಕ್ಯಾಂಟೀನಿನ ಟೈಮು ಮುಗಿದಿರುತ್ತೆ, ಬೇಗ ಬಂದು ತಿಂದವರಿಗೆ ಬಡವರ ಮಕ್ಕಳು ಅನ್ನೋ ಹಣೆಪಟ್ಟಿ ಬೇರೆ. ಎಷ್ಟೋ ಶಾಲೆಯ ಮುಖ್ಯಸ್ಥರು ತಿಂಡಿಯನ್ನು ಬೆಲ್ ಆದಮೇಲೆ ಕ್ಲಾಸಿಗೇ ತಂದು ಎಲ್ಲರಿಗೂ ಕೊಟ್ಟರು, ತಿನ್ನೋರು ಜಾಸ್ತಿಯಾದರು. ಪದಾರ್ಥ ಬದಲಾಗಲಿಲ್ಲ, ಗಂಟೆ ಬದಲಾಯ್ತು ಅಷ್ಟೆ.

ನಮ್ಮ ಶಾಲೆಯಲ್ಲಿ ಆದದ್ದೂ ಅದೇ. ನಮ್ಮ ಹೆಡ್ ಮೇಷ್ಟ್ರು ಅಮೆರಿಕದ ವಿಷಯ ಓದಿರಲಿಲ್ಲ, ಅದು ಬೇರೆ ಮಾತು.

ಶನಿವಾರ ಬೆಳಗಿನ ಶಾಲೆ. ಎಂಟಕ್ಕೆ ಬೆಲ್. ವಾರದಲ್ಲಿ ಮಕ್ಕಳು ತೀರಾ ಖಾಲಿ ಹೊಟ್ಟೆಯಲ್ಲಿ ಬರೋದು ಅವತ್ತೇ, ಹಾಲು ಇಲ್ಲದಿರೋದೂ ಅವತ್ತೇ! ಉಪ್ಪಿಟ್ಟು ಇತ್ತು, ಆದರೆ ಶಾಲೆ ಬಿಡೋ ಹೊತ್ತಿಗೆ, ಹನ್ನೊಂದೂವರೆಗೆ. ಹೋದ ವರ್ಷ ಹೆಡ್ ಮೇಷ್ಟ್ರು ಅದನ್ನು ಒಂಬತ್ತೂ ಕಾಲಿಗೆ ತರೋಣ ಅಂದರು. ಎಲ್ಲರಿಗಿಂತ ಮೊದಲು ಬೇಡ ಅಂದದ್ದು ಅಡುಗೆಯ ಅಕ್ಕ. "ಸಾರ್, ಆರೂವರೆಗೆ ನಾ ಇಲ್ಲಿಗೆ ಬಂದ್ರೆ ನಮ್ಮನೆ ಮಕ್ಳಿಗೆ ಯಾರ್ ಮಾಡ್ತಾರೆ?" ಸಭೆ ಸುಮ್ಮನಾಯ್ತು. ಆಕೆಗೆ ಬರೋ ಗೌರವಧನ ಎಷ್ಟು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ದಾರಿ ತೋರಿಸಿದ್ದೂ ಆಕೆಯೇ. ರವೆಯನ್ನು ಶುಕ್ರವಾರ ಮಧ್ಯಾಹ್ನ ಪಾತ್ರೆ ತೊಳೆಯೋ ಮುಂಚೆ ಹುರಿದು ಡಬ್ಬಿಗೆ ಹಾಕಿಡೋದು. ಶನಿವಾರ ಈರುಳ್ಳಿ ಹೆಚ್ಚೋಕೆ ಇಬ್ಬರು ತಾಯಂದಿರು ಸರದಿ ಮೇಲೆ ಬರೋದು. ಈರುಳ್ಳಿಗೆ ಒಳ್ಳೆ ರೇಟು ಸಿಕ್ಕಿದ ರೈತರೊಬ್ಬರು ಎರಡು ಬರ್ನರಿನ ದೊಡ್ಡ ಒಲೆ ಕೊಡಿಸಿದರು. ಆಕೆ ಏಳೂಕಾಲಿಗೆ ಬಂದರೆ ಸಾಕು ಅನ್ನೋ ಹಾಗಾಯ್ತು. ಮಕ್ಕಳಿಗೆ ಬಡಿಸೋ ಮುಂಚೆ ಶಿಕ್ಷಕರು ರುಚಿ ನೋಡಬೇಕು ಅನ್ನೋ ನಿಯಮ ಇದೆ, 2013ರಲ್ಲಿ ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ಸತ್ತರಲ್ಲ, ಅದನ್ನು ಮರೆಯೋ ಹಾಗಿಲ್ಲ. ಹಾಗಾಗಿ ಎಂಟೂವರೆಗೆ ಮೇಷ್ಟ್ರ ಕೈಯಲ್ಲೊಂದು ತಟ್ಟೆ.

ಅವರು ಇನ್ನೊಂದು ಕೆಲಸ ಮಾಡ್ತಾರೆ, ಅದಕ್ಕೆ ಕಾಸು ಬೇಕಿಲ್ಲ. ಹಾಜರಿ ಕೂಗುವಾಗ ಏನು ತಿಂದು ಬಂದೆ ಅಂತ ಎಲ್ಲರನ್ನೂ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ. ಪಂಚಾಯ್ತಿಯವರು ಬಂದಾಗ ಭಾಷಣ ಮಾಡಲ್ಲ, ಆ ನೋಟ್‌ಬುಕ್ ಮುಂದಿಡ್ತಾರೆ. ಹುಟ್ಟುಹಬ್ಬಕ್ಕೆ ಸಿಹಿ ಕೊಡ್ತೀವಿ ಅಂತ ಬರೋರಿಗೆ ಸಿಹಿ ಬೇಡ, ಬಾಳೆಹಣ್ಣೋ ಹುರಿದ ಶೇಂಗಾವೋ ಕೊಡಿ, ಸೋಮವಾರವೇ ಕೊಡಿ ಅಂತಾರೆ. ಭಾನುವಾರ ಕಳೆದು ಬರೋ ಮಕ್ಕಳು ಅವತ್ತು ಸೊರಗಿರ್ತಾರಂತೆ.

ಇದೆಲ್ಲ ಒಬ್ಬ ಹೆಡ್ ಮೇಷ್ಟ್ರು ಎಷ್ಟು ದಿನ ಎಳೀಬೇಕು ಅನ್ನೋದು ನನ್ನ ತಕರಾರು. ದಾಸ್ತಾನು ಪುಸ್ತಕ, ಮೊಟ್ಟೆಯ ಲೆಕ್ಕ, ಸಿಲಿಂಡರ್ ಬುಕಿಂಗ್, ಜೊತೆಗೆ ಏಳನೇ ಕ್ಲಾಸಿನ ಗಣಿತ. ಅವರಿಗೆ ವರ್ಗಾವಣೆಯಾದರೆ ಬರೋರು ಉಪ್ಪಿಟ್ಟನ್ನು ಮತ್ತೆ ಹನ್ನೊಂದೂವರೆಗೆ ತಳ್ಳಬಹುದು, ಯಾವ ಆದೇಶವೂ ಅಡ್ಡ ಬರಲ್ಲ. ಅದಕ್ಕೇ ಹೋದ ಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿದ್ವಿ: ಶನಿವಾರದ ಉಪ್ಪಿಟ್ಟು ಒಂಬತ್ತೂ ಕಾಲಿಗೆ. ಕೆಳಗೆ ಎಲ್ಲರ ಸಹಿ ಇದೆ, ಅಡುಗೆಯ ಅಕ್ಕನದೂ.