ಬಣ್ಣ ಸಿಕ್ತು, ಬೆಳಕೇ ಒಳಗೆ ಹೋಗ್ಲಿಲ್ಲ

"ಬೆಳಕು ಬಿಟ್ರೆ ಕ್ಯಾನ್ಸರ್ ಮಾಯ" ಅನ್ನೋ ಫಾರ್ವರ್ಡು ಆಗಾಗ ಬರ್ತಾನೇ ಇರತ್ತೆ, ಅದರಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿರತ್ತೆ. ಹೊಳೆಯೋ ಬಣ್ಣದಿಂದ ಗಡ್ಡೆ ಎಲ್ಲಿದೆ ಅಂತ ನೋಡೋದೇ ಬೇರೆ, ಆ ಬಣ್ಣಕ್ಕೆ ಬೆಳಕು ತಾಗಿಸಿ ಗಡ್ಡೆ ಸಾಯ್ಸೋದೇ ಬೇರೆ.

ಸಾಯ್ಸೋ ಕಥೆ ಹಳೇದು. 1900ರಲ್ಲಿ ಮ್ಯೂನಿಕ್‌ನ ಮೆಡಿಕಲ್ ಸ್ಟೂಡೆಂಟ್ ಆಸ್ಕರ್ ರಾಬ್, ಆಕ್ರಿಡಿನ್ ಬಣ್ಣ ಹಾಕಿದ ನೀರಲ್ಲಿ ಪ್ಯಾರಾಮೀಸಿಯಂ ಅನ್ನೋ ಏಕಕೋಶ ಜೀವಿ ಬೆಳಕಿದ್ರೆ ಬೇಗ ಸಾಯತ್ತೆ ಅಂತ ಬರೆದ. ಬಣ್ಣ ಬೆಳಕು ಹೀರಿ ಪಕ್ಕದ ಆಕ್ಸಿಜನ್ನನ್ನ ಕೆರಳಿಸತ್ತೆ, ಅದು ಜೀವಕೋಶನ ಸುಡತ್ತೆ, ಇಷ್ಟೇ ಗುಟ್ಟು. 1912ರಲ್ಲಿ ಮೇಯರ್-ಬೆಟ್ಜ್ ಅನ್ನೋ ಡಾಕ್ಟರು ಹೆಮಟೋಪಾರ್ಫಿರಿನ್ ಅನ್ನೋ ಇಂಥದ್ದೇ ಬಣ್ಣನ 200 ಮಿಲಿಗ್ರಾಂ ತಾವೇ ಚುಚ್ಕೊಂಡು, ಬಿಸಿಲಿಗೆ ಹೋಗಿ ಮುಖ ಕೈ ಎಲ್ಲಾ ಊದಿಸ್ಕೊಂಡ್ರು. ಆಮೇಲೆ ದಶಕಗಳು ಹಂಗೇ ಹೋದ್ವು, ಅಮೆರಿಕದ ಬಫಲೋದಲ್ಲಿ ಥಾಮಸ್ ಡೊಹರ್ಟಿ ಅನ್ನೋ ಸಂಶೋಧಕ ಪಟ್ಟು ಹಿಡಿದು ಕೂತಿದ್ದಕ್ಕೆ 1995ರಲ್ಲಿ ಇದೇ ಜಾತಿಯ ಔಷಧಿ ಫೋಟೋಫ್ರಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಅನ್ನನಾಳದ ಕ್ಯಾನ್ಸರ್‌ಗೆ. ಆದ್ರೆ ಹಾಕಿಸ್ಕೊಂಡೋರು ತಿಂಗಳುಗಟ್ಲೆ ಬಿಸಿಲು ತಪ್ಪಿಸ್ಬೇಕು (ನಮ್ಮ ಕಲಬುರಗಿ ರಾಯಚೂರಲ್ಲಿ ನೆನೆಸ್ಕೊಳ್ಳಿ), ಮೇಲಾಗಿ ಇದಕ್ಕೆ ಬಿಡೋ ಕೆಂಪು ಬೆಳಕು ಮಾಂಸದೊಳಗೆ ಇಳಿಯೋದು ಹೆಚ್ಚಂದ್ರೆ ಒಂದು ಸೆಂಟಿಮೀಟರ್.

ನೋಡೋ ಕೆಲಸ ಮಾತ್ರ ಸರಾಗವಾಗಿ ಮುಂದಕ್ಕೆ ಹೋಯ್ತು. ಗ್ಲಯೋಮಾ ಅನ್ನೋ ಮಿದುಳಿನ ಗಡ್ಡೆಯ ಆಪರೇಷನ್ ತಗೊಳ್ಳಿ. ಅರಿವಳಿಕೆಗೆ ಸುಮಾರು ಮೂರು ಗಂಟೆ ಮುಂಚೆ ಪೇಶಂಟ್‌ಗೆ 5-ಎಎಲ್‌ಎ ಅನ್ನೋ ಔಷಧಿ ಕುಡಿಸ್ತಾರೆ, ಅದು ತಾನೇ ಬಣ್ಣ ಅಲ್ಲ, ಅದರಿಂದ ಗಡ್ಡೆಯ ಜೀವಕೋಶಗಳೇ ಪಾರ್ಫಿರಿನ್ ಅನ್ನೋ ಹೊಳೆಯೋ ಬಣ್ಣ ಮಾಡಿ ಕೂಡಿಟ್ಕೊಳ್ತವೆ. ಬಿಳಿ ಲೈಟಲ್ಲಿ ಗಡ್ಡೆ ಅಂಚು ಯಾವ್ದು, ಮಿದುಳು ಯಾವ್ದು ಗೊತ್ತಾಗಲ್ಲ. ಥಿಯೇಟರ್ ಲೈಟ್ ಆರಿಸಿ ಮೈಕ್ರೋಸ್ಕೋಪನ್ನ ನೀಲಿಗೆ ತಿರುಗಿಸಿದ್ರೆ ಸಾಕು, ಬೂದಿ ಊದಿದಾಗ ಕೆಂಡ ಕಂಡ ಹಾಗೆ ಗಡ್ಡೆ ಕೆಂಪಗೆ ಎದ್ದು ಕಾಣತ್ತೆ. ಅಂಚಲ್ಲಿ ಮಾತ್ರ ತೆಳು ಗುಲಾಬಿ, ಅದನ್ನ ತೆಗೀಬೇಕಾ ಬಿಡ್ಬೇಕಾ ಅನ್ನೋದು ಸರ್ಜನ್ ತಲೆನೋವು. ಜರ್ಮನಿಯ ವಾಲ್ಟರ್ ಸ್ಟುಮರ್ ತಂಡ 2006ರಲ್ಲಿ ಲೆಕ್ಕ ಕೊಡ್ತು: ಹೀಗೆ ನೀಲಿ ಲೈಟಲ್ಲಿ ನೋಡಿ ಗಡ್ಡೆ ಪೂರ್ತಿ ತೆಗೆಯೋಕಾಗಿದ್ದು ಶೇ 65 ಜನರಲ್ಲಿ, ಬರೀ ಬಿಳಿ ಲೈಟಲ್ಲಿ ಶೇ 36. ಒಟ್ಟು ಆಯಸ್ಸಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಫಾರ್ವರ್ಡಲ್ಲಿ ಈ ಸಾಲು ಇರಲ್ಲ ಬಿಡಿ. ಅಮೆರಿಕ ಈ ಔಷಧಿನ ಒಪ್ಪಿದ್ದು 2017ಕ್ಕೆ, ಹನ್ನೊಂದು ವರ್ಷ ಅಂದ್ರೆ ಸ್ವಲ್ಪ ಜಾಸ್ತಿನೇ ಆಯ್ತು.

ಈಗ ಸುದ್ದಿಲಿರೋದು ಫೋಟೋಇಮ್ಯುನೋಥೆರಪಿ. ಗಡ್ಡೆಗೆ ಅಂಟೋ ಆಂಟಿಬಾಡಿ ಅನ್ನೋ ಪ್ರೋಟೀನಿಗೇ ಬಣ್ಣ ಕಟ್ಟಿ ಕಳಿಸೋದು, ಆಮೇಲೆ ಬೆಳಕು ಬಿಟ್ಟು ಗಡ್ಡೆ ಸಾಯ್ಸೋದು. ಆಪರೇಷನ್ ಮಾಡಕ್ಕಾಗದ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಜಪಾನ್ 2020ರಲ್ಲಿ ಇದನ್ನ ಒಪ್ಪಿದೆ. ಅಲ್ಲೂ ಗಡ್ಡೆ ಆಳದಲ್ಲಿದ್ರೆ ಬೆಳಕಿನ ಫೈಬರನ್ನ ಸೂಜಿ ಥರ ಗಡ್ಡೆಯೊಳಗೇ ಚುಚ್ಚಬೇಕು.